ಪ್ಲಗ್ ಇಲ್ಲದ ಸ್ವಿಚ್ಚು: ಒಂದು ಪರೀಕ್ಷಾಂಗಣವನ್ನು ಶುಚಿಗೊಳಿಸಿದ ಕಥೆ

ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಅಧ್ಯಾಪಕರು ಮೊದಲ ದಿನವೇ ಹೇಳಿಕೊಡುವ ಕೆಲಸ ಬ್ಯೂರೆಟ್ ತೊಳೆಯುವುದು. ಮೊದಲು ನೀರಿನಿಂದ, ಆಮೇಲೆ ಅದರಲ್ಲಿ ತುಂಬಲಿರುವ ದ್ರಾವಣದಿಂದಲೇ. ಹಿಂದಿನ ತಂಡದವರು ಬಿಟ್ಟುಹೋದ ಹನಿಗಳು ಒಳಗೆ ಉಳಿದಿದ್ದರೆ ಅನುಮಾಪನದ ಲೆಕ್ಕ ತಪ್ಪುತ್ತದೆ. ಬಣ್ಣವೇನೋ ಎಂದಿನಂತೆಯೇ ಬದಲಾಗುತ್ತದೆ, ಅಳತೆಯೂ ಸಿಗುತ್ತದೆ. ತಪ್ಪು ಉತ್ತರ ಸರಿ ಉತ್ತರದ ವೇಷದಲ್ಲೇ ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ.

ಗಣಕದಲ್ಲಿ ನಡೆಸುವ ಪ್ರಯೋಗದಲ್ಲಿ ಗಾಜಿನ ಪಾತ್ರೆಯಿಲ್ಲ, ಹನಿಯೂ ಇಲ್ಲ. ಪ್ರೋಗ್ರಾಮು ಮುಗಿಯಿತೆಂದರೆ ಎಲ್ಲವೂ ಮುಗಿಯಿತು ಎಂದೇ ವಿದ್ಯಾರ್ಥಿಗಳು ಭಾವಿಸುತ್ತಾರೆ. ಬರಿಯ ಲೆಕ್ಕ ಮಾಡುವ ಪ್ರೋಗ್ರಾಮುಗಳ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ. ಆದರೆ ಕೆಲವು ತಂತ್ರಾಂಶಗಳನ್ನು, ಅವುಗಳ ಒಂದು ಭಾಗ ಸತ್ತರೂ ಕೆಲಸ ನಿಲ್ಲಬಾರದೆಂದು ಉದ್ದೇಶಪೂರ್ವಕವಾಗಿ ರೂಪಿಸಲಾಗಿರುತ್ತದೆ. ಅಂಥವನ್ನು ಪರೀಕ್ಷಿಸುವವರಿಗೆ ಬ್ಯೂರೆಟ್ ತೊಳೆಯುವ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಗಣಕದೊಳಗೇ ತಂತ್ರಾಂಶವಾಗಿ ಇರುವ ಜಾಲ ಸ್ವಿಚ್ಚು, ಅಂದರೆ ವರ್ಚುಯಲ್ ಸ್ವಿಚ್ಚು, ಇದಕ್ಕೆ ತಕ್ಕ ಉದಾಹರಣೆ. ಇವುಗಳಲ್ಲಿ ಹೆಸರಾದದ್ದು 2009ರಲ್ಲಿ ಹೊರಬಂದ ‘ಓಪನ್ ವಿಸ್ವಿಚ್’ ಎಂಬ ಮುಕ್ತ ತಂತ್ರಾಂಶ.

ನೆನಪಿಟ್ಟುಕೊಳ್ಳುವ ಪೆಟ್ಟಿಗೆ

ಸ್ವಿಚ್ಚು ಎಂದಾಕ್ಷಣ ಗೋಡೆಯ ಮೇಲಿನ ದೀಪದ ಸ್ವಿಚ್ಚು ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಗಣಕ ಪ್ರಯೋಗಾಲಯದ ಮೂಲೆಯಲ್ಲಿ ಹತ್ತಾರು ಕೇಬಲ್ಲುಗಳನ್ನು ಕಚ್ಚಿಕೊಂಡು, ಪುಟ್ಟ ಹಸಿರು ದೀಪಗಳನ್ನು ಮಿಣುಕಿಸುತ್ತ ಕುಳಿತಿರುವ ಪೆಟ್ಟಿಗೆಯನ್ನು ಕುರಿತು.

ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ 1973ರ ಮೇ ತಿಂಗಳಲ್ಲಿ ಈಥರ್‌ನೆಟ್‌ನ ವಿಚಾರವನ್ನು ಟಿಪ್ಪಣಿಯೊಂದರಲ್ಲಿ ಬರೆದರು. ಅವರು ಡೇವಿಡ್ ಬಾಗ್ಸ್ ಜೊತೆಗೂಡಿ ಕಟ್ಟಿದ ಆ ಜಾಲದಲ್ಲಿ ಇಂಥ ಪೆಟ್ಟಿಗೆ ಇರಲಿಲ್ಲ. ಉದ್ದಕ್ಕೆ ಹಾಸಿದ ಒಂದೇ ಕೇಬಲ್; ಅದಕ್ಕೆ ಎಲ್ಲ ಗಣಕಗಳೂ ಅಂಟಿಕೊಂಡಿರುತ್ತಿದ್ದವು. ಒಂದು ಆಡಿದ ಮಾತು ಎಲ್ಲಕ್ಕೂ ಕೇಳುತ್ತಿತ್ತು. ಕೇಬಲ್ಲಿಗೆ ನೆನಪಿಲ್ಲವಾದ್ದರಿಂದ ಅದನ್ನು ‘ಶುಚಿ’ ಮಾಡುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ನೆನಪು ಬಂದದ್ದು 1980ರ ದಶಕದ ‘ಸೇತುವೆ’ಗಳೊಂದಿಗೆ. ಎರಡು ಜಾಲಗಳ ನಡುವೆ ಕೂತ ಈ ಸಾಧನ, ಹಾದುಹೋಗುವ ಪ್ರತಿಯೊಂದು ದತ್ತದ ಪೊಟ್ಟಣದ, ಅಂದರೆ ಪ್ಯಾಕೆಟ್ಟಿನ, ತಲೆಬರಹದಲ್ಲಿರುವ ಕಳುಹಿಸಿದವರ ವಿಳಾಸವನ್ನು ಓದಿ, ಆ ಗಣಕ ಯಾವ ದಿಕ್ಕಿನಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಮುಂದೆ ಅದೇ ಗಣಕಕ್ಕೆ ಪೊಟ್ಟಣ ಬಂದರೆ ಆ ದಿಕ್ಕಿಗಷ್ಟೇ ಕಳುಹಿಸುತ್ತಿತ್ತು. ಸೇತುವೆಗಳನ್ನು ಸುತ್ತುಬಳಸಿ ಜೋಡಿಸಿದಾಗ ಪೊಟ್ಟಣಗಳು ಕೊನೆಯಿಲ್ಲದೆ ಸುತ್ತುವ ತೊಡಕನ್ನು ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ರೇಡಿಯಾ ಪರ್ಲ್‌ಮನ್ ಬಿಡಿಸಿ, ಆ ವಿಧಾನವನ್ನು 1985ರಲ್ಲಿ ಪ್ರಕಟಿಸಿದರು. 1990ರ ಸುಮಾರಿಗೆ ಏಳು ಕಿಂಡಿಗಳ ‘ಈಥರ್‌ಸ್ವಿಚ್’ ಮಾರುಕಟ್ಟೆಗೆ ಬಂತು. ಅದನ್ನು ತಯಾರಿಸಿದ ಸಿಲಿಕಾನ್ ಕಣಿವೆಯ ಕಂಪನಿಯ ಹೆಸರು ‘ಕಲ್ಪನಾ’! ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಅದರ ಸ್ಥಾಪಕರು. ಕಂಪನಿಗೆ ಇಟ್ಟದ್ದು ಭಾರದ್ವಾಜರ ಪತ್ನಿಯ ಹೆಸರನ್ನು. 1994ರಲ್ಲಿ ಸಿಸ್ಕೋ ಅದನ್ನು ಕೊಂಡುಕೊಂಡಿತು.

ಇಂಥ ಪೆಟ್ಟಿಗೆಯ ವಿಳಾಸಪಟ್ಟಿ ಶಾಶ್ವತವಲ್ಲ. ಒಂದು ಗಣಕ ಮಾತನಾಡದೆ 300 ಸೆಕೆಂಡು ಕಳೆದರೆ ಅದರ ಗುರುತನ್ನು ಅಳಿಸಬೇಕೆಂಬುದು ಮಾನಕದಲ್ಲಿ ಸೂಚಿಸಿರುವ ರೂಢಿಯ ಅವಧಿ. ಅಷ್ಟೂ ಕಾಯಲಾಗದ ಪರೀಕ್ಷಕ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸಾಕು, ಪಟ್ಟಿ ಬರಿದು. ಬೇಕೆಂದು ಉಳಿಸಿಟ್ಟ ಹೊಂದಿಕೆಗಳು ಮಾತ್ರ ಉಳಿಯುತ್ತವೆ. ಒಟ್ಟಿನಲ್ಲಿ ಪೆಟ್ಟಿಗೆಗೆ ಒಂದು ಮೈಯಿತ್ತು, ಒಂದು ಪ್ಲಗ್ ಇತ್ತು.

ಪೆಟ್ಟಿಗೆ ಗಣಕದೊಳಗೆ ಹೊಕ್ಕಿತು

ಒಂದೇ ಯಂತ್ರದಲ್ಲಿ ಹಲವು ಗಣಕಗಳಿರುವಂತೆ ತೋರಿಸುವ ವಿದ್ಯೆ ಐಬಿಎಂ ಕಂಪನಿಗೆ 1972ರ ‘ವಿಎಂ/370’ರ ಕಾಲದಿಂದಲೇ ಒಲಿದಿತ್ತು. ಮೇಜಿನ ಮೇಲಿನ ಅಗ್ಗದ ಗಣಕಗಳಿಗೆ ಅದನ್ನು ತಂದದ್ದು 1999ರಲ್ಲಿ ವಿಎಂವೇರ್. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ‘ಜೆನ್’ ಬಂತು. ಒಂದು ಯಂತ್ರದೊಳಗೆ ಹತ್ತು ವರ್ಚುಯಲ್ ಗಣಕಗಳು ಕೂತ ಮೇಲೆ ಅವು ಪರಸ್ಪರ ಮಾತಾಡಬೇಕಲ್ಲ? ಅದಕ್ಕೆ ಸ್ವಿಚ್ಚೂ ಒಳಗೇ ಬರಬೇಕಾಯಿತು, ತಂತ್ರಾಂಶದ ರೂಪದಲ್ಲಿ.

ಇದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಕಸಾಡೋ, ನಿಕ್ ಮೆಕ್ಯೂನ್ ಮತ್ತು ಬರ್ಕ್ಲಿಯ ಸ್ಕಾಟ್ ಶೆಂಕರ್ ಮುಂತಾದವರು ಸ್ವಿಚ್ಚಿನ ಬುದ್ಧಿಯನ್ನು ಅದರ ಮೈಯಿಂದ ಬೇರ್ಪಡಿಸುವ ಪ್ರಯೋಗಗಳಲ್ಲಿ ತೊಡಗಿದ್ದರು. 2007ರಲ್ಲಿ ‘ಈಥೇನ್’, 2008ರಲ್ಲಿ ‘ಓಪನ್‌ಫ್ಲೋ’ ಪ್ರಬಂಧಗಳು ಹೊರಬಂದವು. ಈ ಮೂವರು 2007ರಲ್ಲಿ ಸ್ಥಾಪಿಸಿದ ನಿಸಿರಾ ಕಂಪನಿಯಲ್ಲಿ ಬೆನ್ ಫಾಫ್, ಜಸ್ಟಿನ್ ಪೆಟಿಟ್ ಮತ್ತಿತರರು ಓಪನ್ ವಿಸ್ವಿಚ್ ಬರೆದರು. 2012ರ ಮಾರ್ಚ್‌ನಲ್ಲಿ ಅದರ ಒಂದು ಭಾಗ ಲಿನಕ್ಸ್ ಕರ್ನೆಲ್ಲಿನ 3.3ನೇ ಆವೃತ್ತಿಯೊಳಗೆ ಸೇರಿತು. ಅದೇ ವರ್ಷ ವಿಎಂವೇರ್ ನಿಸಿರಾವನ್ನು ಸುಮಾರು 126 ಕೋಟಿ ಡಾಲರಿಗೆ ಕೊಂಡಿತು. 2016ರಲ್ಲಿ ಯೋಜನೆ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂತು.

ನಮ್ಮ ಕಥೆಗೆ ಮುಖ್ಯವಾದದ್ದು ಈ ತಂತ್ರಾಂಶದ ಅಂಗರಚನೆ. ಒಂದು ಅಂಚೆ ಕಚೇರಿಯನ್ನು ಊಹಿಸಿಕೊಳ್ಳಿ. ಯಾವ ಬೀದಿ ಯಾರ ಪಾಲಿಗೆ ಎಂದು ಬರೆದಿಟ್ಟ ರಿಜಿಸ್ಟರು ಒಂದು ಕಡೆ. ಅದನ್ನು ಓದಿ ತೀರ್ಮಾನ ಹೇಳುವ ಪೋಸ್ಟ್‌ಮಾಸ್ಟರು ಒಳಕೋಣೆಯಲ್ಲಿ. ಕಾಗದಗಳನ್ನು ಸರಸರನೆ ವಿಂಗಡಿಸುವ ನೌಕರ ಹೊರಗೆ. ಗೊತ್ತಿಲ್ಲದ ವಿಳಾಸ ಬಂದಾಗ ನೌಕರ ಒಳಗೆ ಹೋಗಿ ಕೇಳುತ್ತಾನೆ. ಉತ್ತರವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತಾನೆ. ಅಂಥದೇ ಕಾಗದ ಮತ್ತೆ ಬಂದರೆ ಕೇಳುವ ಗೊಡವೆಯಿಲ್ಲ. ಓಪನ್ ವಿಸ್ವಿಚ್‌ನಲ್ಲಿ ರಿಜಿಸ್ಟರು ಒಂದು ದತ್ತಸಂಚಯ. ಅದು ಡಿಸ್ಕಿನ ಕಡತದಲ್ಲಿರುತ್ತದೆ. ಪೋಸ್ಟ್‌ಮಾಸ್ಟರು ಸಾಮಾನ್ಯ ಪ್ರೋಗ್ರಾಮಿನಂತೆ ಓಡುವ ಒಂದು ಪ್ರಕ್ರಿಯೆ. ನೌಕರ ಇರುವುದು ಕರ್ನೆಲ್ಲಿನೊಳಗೆ. ಬಳಕೆಯಿಲ್ಲದ ಚೀಟಿಗಳನ್ನು ಆಗಾಗ ಕಿತ್ತುಹಾಕುವ ಕೆಲಸ ಕೂಡ ಪೋಸ್ಟ್‌ಮಾಸ್ಟರದೇ, ನೌಕರನದಲ್ಲ.

ಈಗ ಪೋಸ್ಟ್‌ಮಾಸ್ಟರು ಹಠಾತ್ತನೆ ಸತ್ತರೆ? ನೌಕರ ಗೋಡೆಯ ಚೀಟಿಗಳನ್ನು ನೋಡಿಕೊಂಡು ಕೆಲಸ ಮುಂದುವರಿಸುತ್ತಾನೆ. ಇದು ದೋಷವಲ್ಲ. ದೊಡ್ಡ ದತ್ತಕೇಂದ್ರಗಳಲ್ಲಿ ತಂತ್ರಾಂಶದ ಹೊಸ ಆವೃತ್ತಿ ಹಾಕುವಾಗ ಜಾಲ ನಿಲ್ಲಬಾರದೆಂದು ಹೀಗೆ ಮಾಡಿರುವುದು. ಆದರೆ ಪರೀಕ್ಷಾಂಗಣದಲ್ಲಿ ಕೊಳೆ ಉಳಿಯುವುದು ಇದೇ ಗುಣದಿಂದ. ಸ್ವಿಚ್ಚಿನ ನೆನಪು ಡಿಸ್ಕು, ಪ್ರಕ್ರಿಯೆ, ಕರ್ನೆಲ್ ಎಂದು ಮೂರು ಕಡೆ ಹಂಚಿಹೋಗಿದೆ. ಎಳೆದುಹಾಕಲು ಒಂದು ಪ್ಲಗ್ ಇಲ್ಲ. ಗಣಕವನ್ನೇ ಆರಿಸಿದರೂ ಡಿಸ್ಕಿನ ರಿಜಿಸ್ಟರು ಉಳಿದಿರುತ್ತದೆ.

ಎರಡು ಬಗೆಯ ಕೊಳೆ

ಒಂದು ಪರೀಕ್ಷೆ ‘ಬಿಆರ್0’ ಎಂಬ ಸೇತುವೆಯನ್ನು ಸೃಷ್ಟಿಸಿ ಅರ್ಧದಲ್ಲೇ ಬಿದ್ದುಹೋಯಿತು ಎನ್ನೋಣ. ಮುಂದಿನ ಪರೀಕ್ಷೆಯೂ ಅದೇ ಹೆಸರಿನ ಸೇತುವೆ ಮಾಡಹೊರಟರೆ ‘ಈಗಾಗಲೇ ಇದೆ’ ಎಂಬ ತಕರಾರು ಬರುತ್ತದೆ. ಇದು ಒಳ್ಳೆಯ ಜಾತಿಯ ಕೊಳೆ, ಕೂಗಿ ಹೇಳುತ್ತದೆ. ಇನ್ನೊಂದು ಜಾತಿಯದು ಬಾಯಿ ಬಿಡುವುದಿಲ್ಲ.

ಉದಾಹರಣೆಗೆ, ಲಿನಕ್ಸ್ ಕರ್ನೆಲ್ಲಿನಲ್ಲಿ ಯಾರು ಯಾರೊಡನೆ ಸಂಪರ್ಕದಲ್ಲಿದ್ದಾರೆ ಎಂದು ಬರೆದಿಡುವ ಒಂದು ಪಟ್ಟಿ ಇದೆ. 2015ರ 4.3ನೇ ಕರ್ನೆಲ್ ಆವೃತ್ತಿಯಿಂದ ಓಪನ್ ವಿಸ್ವಿಚ್ ಕೂಡ ಅದನ್ನು ಬಳಸುವಂತಾಯಿತು. ‘ಹೊಸಬರನ್ನು ತಡೆ, ಸಂಪರ್ಕ ಬೆಳೆಸಿಕೊಂಡವರನ್ನು ಬಿಡು’ ಎಂಬಂಥ ಕಾವಲು ನಿಯಮಗಳು ಈ ಪಟ್ಟಿಯನ್ನು ನಂಬುತ್ತವೆ. ಒಮ್ಮೆ ಸಂಪೂರ್ಣವಾಗಿ ಸ್ಥಾಪಿತವಾದ ಟಿಸಿಪಿ ಸಂಪರ್ಕ ಮೌನವಾಗಿದ್ದರೂ ಅದರ ನಮೂದು ಉಳಿಯುವ ರೂಢಿಯ ಅವಧಿ 4,32,000 ಸೆಕೆಂಡು, ಅಂದರೆ ಐದು ದಿನ! ಹಳೆಯ ಪೆಟ್ಟಿಗೆಯ 300 ಸೆಕೆಂಡಿನೊಂದಿಗೆ ಇದನ್ನು ಹೋಲಿಸಿ ನೋಡಿ. ಪೋಸ್ಟ್‌ಮಾಸ್ಟರು ಮತ್ತೆ ಎದ್ದಾಗ ಗೋಡೆಯ ಹಳೆಯ ಚೀಟಿಗಳನ್ನು ಸಾಮಾನ್ಯವಾಗಿ ಕಿತ್ತುಹಾಕುತ್ತಾನೆ. ಈ ಸಂಪರ್ಕಪಟ್ಟಿ ಕರ್ನೆಲ್ಲಿನ ಬೇರೊಂದು ವಿಭಾಗದ್ದಾದ್ದರಿಂದ ಅದರ ತಂಟೆಗೆ ಹೋಗುವುದಿಲ್ಲ.

ಪರೀಕ್ಷೆ ಬರೆಯುವವರು ಸುಲಭವೆಂದು ಪ್ರತಿಬಾರಿಯೂ ಅವೇ ವಿಳಾಸಗಳನ್ನೂ ಅವೇ ಕಿಂಡಿಸಂಖ್ಯೆಗಳನ್ನೂ ಬಳಸುವುದುಂಟು. ನಿನ್ನೆಯ ಪರೀಕ್ಷೆಯ ನಮೂದು ಪಟ್ಟಿಯಲ್ಲಿದ್ದರೆ, ಇಂದು ತಡೆಯಬೇಕಾದ ಪೊಟ್ಟಣ ‘ಹಳೆಯ ಪರಿಚಯದವನು’ ಎಂದು ಒಳಗೆ ಹೋಗಬಹುದು. ಸರಿಯಾದ ನಿಯಮ ತಪ್ಪೆಂದು ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಹೊಸ ಸಂಪರ್ಕಗಳಿಗೆ ದಾರಿಯನ್ನೇ ಕೊಡದ ತಪ್ಪು ನಿಯಮ, ಹಳೆಯ ನಮೂದಿನ ಕೃಪೆಯಿಂದ ತೇರ್ಗಡೆಯಾಗುತ್ತದೆ. ಬ್ಯೂರೆಟ್ಟಿನ ಬಣ್ಣ ಬದಲಾದಂತೆಯೇ ಇದೂ. ಅಂಥ ನಿಯಮ ಮುಂದೆ ಕೂರುವುದು ಸಾವಿರಾರು ಜನರ ದತ್ತ ಹಾಯುವ ಬಾಗಿಲಲ್ಲಿ.

ನೆಲ ಮುಟ್ಟದ ಪರೀಕ್ಷೆಗಳು

ಓಪನ್ ವಿಸ್ವಿಚ್ ಬರೆದವರು ಕಂಡುಕೊಂಡ ಒಂದು ದಾರಿ ಕೊಳೆಯಾಗದಂತೆಯೇ ಆಡುವುದು. ಅವರು ಪರೀಕ್ಷೆಗಳಿಗೆ ಆರಿಸಿಕೊಂಡದ್ದು ಗ್ನೂ ಯೋಜನೆಯ ‘ಆಟೋಟೆಸ್ಟ್’ ಉಪಕರಣವನ್ನು. ಬಹುಪಾಲು ಪರೀಕ್ಷೆಗಳಲ್ಲಿ ನಿಜವಾದ ಕರ್ನೆಲ್ ನೌಕರನ ಬದಲು ‘ಡಮ್ಮಿ’ ಎಂಬ ಹುಸಿ ನೌಕರನಿರುತ್ತಾನೆ. ನಿಜವಾದ ತಂತಿಯಿಲ್ಲ, ಕರ್ನೆಲ್ಲಿನ ಸಂಗವಿಲ್ಲ. ಗಡಿಯಾರವನ್ನು ಕೂಡ ಪರೀಕ್ಷೆಯ ಆಜ್ಞೆಯಿಂದಲೇ ನಿಲ್ಲಿಸಬಹುದು, ಮುಂದಕ್ಕೆ ತಳ್ಳಬಹುದು. ಮುನ್ನೂರು ಸೆಕೆಂಡಿನ ಮರೆವನ್ನು ಪರೀಕ್ಷಿಸಲು ಐದು ನಿಮಿಷ ಕಾಯಬೇಕಿಲ್ಲ! ಪ್ರತಿಯೊಂದು ಪರೀಕ್ಷೆಗೂ ಅದರದೇ ಕಡತಕೋಶ. ದತ್ತಸಂಚಯ, ದಿನಚರಿ, ಪ್ರಕ್ರಿಯೆಯ ಸಂಖ್ಯೆ ಬರೆದ ಚೀಟಿ ಎಲ್ಲವೂ ಅದರೊಳಗೆ.

ಇಲ್ಲಿ ಆಟೋಟೆಸ್ಟ್‌ನ ಒಂದು ಪದ್ಧತಿ ಗಮನಿಸುವಂಥದು. ಪರೀಕ್ಷೆ ತೇರ್ಗಡೆಯಾದರೆ ಆ ಕೋಶವನ್ನು ಅಳಿಸುತ್ತದೆ. ಸೋತರೆ ಹಾಗೆಯೇ ಬಿಡುತ್ತದೆ. ಸೋತ ಪರೀಕ್ಷೆಯ ಕಸ ಕಸವಲ್ಲ, ಸಾಕ್ಷ್ಯ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿದರೆ ಬೆರಳಚ್ಚು ಸಿಗುವುದೆಲ್ಲಿಂದ? ‘ಮುಗಿದ ಕೂಡಲೇ ಎಲ್ಲವನ್ನೂ ಅಳಿಸು’ ಎಂದು ವಿದ್ಯಾರ್ಥಿಗಳಿಗೆ ಕಣ್ಣುಮುಚ್ಚಿ ಬೋಧಿಸುವವರು ಇದನ್ನು ಮರೆಯುವುದುಂಟು.

ಆದರೆ ಹುಸಿ ನೌಕರನೊಡನೆ ಆಡಿದ್ದು ನಿಜವಾದ ಕರ್ನೆಲ್ಲಿಗೆ ಅನ್ವಯಿಸುತ್ತದೆಂಬ ಖಾತರಿ ಇಲ್ಲ. ಕೆಲವು ಪರೀಕ್ಷೆಗಳು ನೆಲಕ್ಕಿಳಿಯಲೇಬೇಕು. ಇವಕ್ಕೆ ‘ಸಿಸ್ಟಂ ಟೆಸ್ಟ್’ ಎಂದು ಹೆಸರು. ಗಣಕದ ಪರಮಾಧಿಕಾರ ಪಡೆದೇ ಇವನ್ನು ಓಡಿಸಬೇಕು.

ಚಪ್ಪರ ಬಿಚ್ಚುವ ಕ್ರಮ

1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಸ್ಟೀಫನ್ ಬೋರ್ನ್ ಬರೆದ ಆಜ್ಞಾ ಭಾಷೆಯೂ ಬಂತು. ಅದರಲ್ಲಿ ‘ಟ್ರ್ಯಾಪ್’ ಎಂಬ ಪುಟ್ಟ ಸೌಲಭ್ಯವಿದೆ: ‘ನಾನು ಯಾವ ಕಾರಣದಿಂದ ಹೊರಟರೂ, ಹೊರಡುವ ಮುನ್ನ ಇಂತಿಂಥ ಕೆಲಸ ಮಾಡು’ ಎಂದು ಮೊದಲೇ ಬರೆದಿಡಬಹುದು. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ರಚಿಸಿದ ‘ಜೆಯುನಿಟ್’ನಲ್ಲಿ ಪ್ರತಿ ಪರೀಕ್ಷೆಗೆ ಮೊದಲು ಹೂಡುವ ಹೆಜ್ಜೆ, ಆಮೇಲೆ ಬಿಚ್ಚುವ ಹೆಜ್ಜೆ ಎಂದು ಎರಡು ಇರುವುದನ್ನು ಜಾವಾ ಕಲಿತ ವಿದ್ಯಾರ್ಥಿಗಳು ಬಲ್ಲರು. ಓಪನ್ ವಿಸ್ವಿಚ್‌ನವರು ಹಳೆಯ ಟ್ರ್ಯಾಪನ್ನೇ ನೆಚ್ಚಿಕೊಂಡರು. ಬಳಸಿದ ರೀತಿ ಮಾತ್ರ ಚೆನ್ನಾಗಿದೆ.

ಪ್ರತಿ ಪರೀಕ್ಷೆಯ ಕೋಶದಲ್ಲಿ ‘ಕ್ಲೀನಪ್’ ಎಂಬ ಕಡತ ಇರುತ್ತದೆ. ಪರೀಕ್ಷೆ ಏನನ್ನಾದರೂ ಸೃಷ್ಟಿಸಿದೊಡನೆ ಅದನ್ನು ಅಳಿಸುವ ಆಜ್ಞೆಯನ್ನು ಆ ಕಡತಕ್ಕೆ ಸೇರಿಸಲಾಗುತ್ತದೆ. ಸೇರಿಸುವುದು ಕೊನೆಯಲ್ಲಲ್ಲ, ಮೊದಲ ಸಾಲಿಗೆ. ಹೀಗಾಗಿ ಕಡತವನ್ನು ಮೇಲಿನಿಂದ ಕೆಳಕ್ಕೆ ಓಡಿಸಿದಾಗ ಕಡೆಯಲ್ಲಿ ಹೂಡಿದ್ದು ಮೊದಲು ಬಿಚ್ಚಿಕೊಳ್ಳುತ್ತದೆ. ಮದುವೆಯ ಚಪ್ಪರ ಬಿಚ್ಚುವವರು ಮೊದಲು ಕಂಬ ಕೀಳುವುದಿಲ್ಲ. ತೋರಣ, ಸೋಗೆ, ಗಳು, ಆಮೇಲೆ ಕಂಬ. ಬಳಸುತ್ತಿರುವವರು ಇರುವಾಗಲೇ ಕರ್ನೆಲ್ ಘಟಕವನ್ನು ತೆಗೆಯಹೋದರೆ ಅದು ಬರುವುದಿಲ್ಲ. ಸಂಪರ್ಕಪಟ್ಟಿಯನ್ನು ಬರಿದು ಮಾಡುವ ಆಜ್ಞೆಯೂ ಈ ಕಡತದಲ್ಲಿ ಸೇರಿಕೊಂಡಿತು.

ಟ್ರ್ಯಾಪಿಗೂ ಒಂದು ಮಿತಿಯಿದೆ. ಯುನಿಕ್ಸ್‌ನ 9ನೇ ಸಂಜ್ಞೆಯನ್ನು ಯಾವ ಪ್ರೋಗ್ರಾಮೂ ತಡೆಹಿಡಿಯಲಾರದು. ಅವಸರದ ಪರೀಕ್ಷಕ ‘ಕಿಲ್ -9’ ಕೊಟ್ಟರೆ ಉಯಿಲು ಓದುವವರು ಯಾರೂ ಇರುವುದಿಲ್ಲ.

ಕರ್ನೆಲ್ಲೇ ಗುಡಿಸಿದರೆ?

ಈ ತೊಡಕಿಗೆ ನೆರವು ಬಂದದ್ದು ಬೇರೆ ಉದ್ದೇಶಕ್ಕಾಗಿ ಹುಟ್ಟಿದ ಸೌಲಭ್ಯವೊಂದರಿಂದ. 2008ರ ಜನವರಿಯ 2.6.24ನೇ ಲಿನಕ್ಸ್ ಕರ್ನೆಲ್ಲಿನಲ್ಲಿ ‘ನೆಟ್‌ವರ್ಕ್ ನೇಮ್‌ಸ್ಪೇಸ್’ ಕಾಣಿಸಿಕೊಂಡಿತು, ಮರುವರ್ಷದ 2.6.29ರ ಹೊತ್ತಿಗೆ ಬಹುಮಟ್ಟಿಗೆ ಪೂರ್ಣಗೊಂಡಿತು. ಒಂದೇ ಕರ್ನೆಲ್ಲಿನಡಿಯಲ್ಲಿ ಪ್ರತ್ಯೇಕ ಜಾಲಲೋಕಗಳು: ಪ್ರತಿಯೊಂದಕ್ಕೂ ಅದರದೇ ವಿಳಾಸಗಳು, ಅದರದೇ ದಾರಿಪಟ್ಟಿ. ಎರಡು ಲೋಕಗಳನ್ನು ಜೋಡಿಸಲು ‘ವೀತ್’ ಎಂಬ ಎರಡು ತುದಿಯ ಹುಸಿ ಕೇಬಲ್. ಒಂದು ತುದಿ ಅಳಿಸಿದರೆ ಇನ್ನೊಂದು ತಾನಾಗಿ ಅಳಿಯುತ್ತದೆ. ಇಂಥ ಲೋಕದ ಕೊನೆಯ ಪ್ರಕ್ರಿಯೆ ಮುಗಿದಾಗ, ಅದನ್ನು ಬೇರೇನೂ ಹಿಡಿದಿಟ್ಟುಕೊಂಡಿರದಿದ್ದರೆ, ಕರ್ನೆಲ್ ಆ ಲೋಕವನ್ನೂ ಅದರೊಳಗಿನ ಹುಸಿ ಕೇಬಲ್ಲುಗಳನ್ನೂ ಅಳಿಸಿಬಿಡುತ್ತದೆ. ಕಿಲ್ -9 ಕೂಡ ಇದನ್ನು ತಪ್ಪಿಸಲಾರದು.

ಕೊನೆಗೂ ಪ್ಲಗ್ ಸಿಕ್ಕಿತು ಎನ್ನುವಷ್ಟರಲ್ಲಿ ಎರಡು ಅಡ್ಡಿಗಳು. ಬಳಕೆಯ ಅನುಕೂಲಕ್ಕೆಂದು ಲೋಕಕ್ಕೆ ಹೆಸರಿಟ್ಟರೆ, ಆ ಹೆಸರು ಒಂದು ಕಡತವಾಗಿ ಲೋಕವನ್ನು ಹಿಡಿದುಕೊಳ್ಳುತ್ತದೆ. ಒಳಗೆ ಯಾರೂ ಇಲ್ಲದಿದ್ದರೂ ಅದು ಸಾಯದು. ಓಪನ್ ವಿಸ್ವಿಚ್‌ನ ಪರೀಕ್ಷೆಗಳು ಹೆಸರಿಟ್ಟ ಲೋಕಗಳನ್ನೇ ಬಳಸಿದವು. ಎರಡನೆಯದಾಗಿ, ಕೇಬಲ್ ಹೋದರೂ ‘ಇಲ್ಲೊಂದು ಕೇಬಲ್ ಇದೆ’ ಎಂಬ ಬರಹ ರಿಜಿಸ್ಟರಿನಲ್ಲಿ ಉಳಿದಿರುತ್ತದೆ. ಪೋಸ್ಟ್‌ಮಾಸ್ಟರು ಎದ್ದಾಗಲೆಲ್ಲ ಇಲ್ಲದ ಸಾಧನವನ್ನು ತೆರೆಯಹೋಗಿ ದೂರು ದಾಖಲಿಸುತ್ತಾನೆ.

ಆದ್ದರಿಂದ ಪರೀಕ್ಷೆಗಳ ಲೇಖಕರು ಬ್ಯೂರೆಟ್ಟಿನ ಹಾದಿಯನ್ನೇ ಹಿಡಿದರು. ಹೆಸರಿನ ಲೋಕವೊಂದನ್ನು ಸೃಷ್ಟಿಸುವ ಮೊದಲು ಅದೇ ಹೆಸರಿನದು ಇದ್ದರೆ ಅಳಿಸುವುದು. ಆಮೇಲೆ ಸೃಷ್ಟಿಸಿ, ಅಳಿಸುವ ಆಜ್ಞೆಯನ್ನು ಕ್ಲೀನಪ್ ಕಡತಕ್ಕೆ ಸೇರಿಸುವುದು. ಹಿಂದಿನವರು ತೊಳೆದಿದ್ದಾರೆಂದು ನಂಬುವಂತಿಲ್ಲ, ತಾನು ತೊಳೆಯದೆ ಹೋಗುವಂತೆಯೂ ಇಲ್ಲ.

2010ರಲ್ಲಿ ಬಾಬ್ ಲಾಂಟ್ಜ್, ಬ್ರ್ಯಾಂಡನ್ ಹೆಲ್ಲರ್ ಮತ್ತು ಮೆಕ್ಯೂನ್ ಪ್ರಕಟಿಸಿದ ‘ಮಿನಿನೆಟ್’ ಇವೇ ಇಟ್ಟಿಗೆಗಳಿಂದ ಕಟ್ಟಿದ್ದು. ಒಂದು ಲ್ಯಾಪ್‌ಟಾಪಿನಲ್ಲಿ ಇಡೀ ಜಾಲವನ್ನು ಹೂಡಿ ಆಡಲು ಬರುವುದರಿಂದ ಪಾಠ ಹೇಳುವವರಿಗೆ ಅಚ್ಚುಮೆಚ್ಚು. ಅದರ ‘ಎಂಎನ್ -ಸಿ’ ಎಂಬ ಆಜ್ಞೆ ಹಿಂದಿನ ಓಟದಿಂದ ಉಳಿದ ಪ್ರಕ್ರಿಯೆ, ಸೇತುವೆ, ಕೇಬಲ್ಲುಗಳನ್ನು ಗುಡಿಸುತ್ತದೆ. ಪೊರಕೆ ದೊಡ್ಡದು ಎಂಬುದನ್ನು ಮಾತ್ರ ನೆನಪಿಡಬೇಕು. ತನ್ನದು ಯಾವುದು, ನೆರೆಯವರದು ಯಾವುದು ಎಂದು ಅದು ಕೇಳುವುದಿಲ್ಲ. ಎಲ್ಲವನ್ನೂ ತೆಗೆಯುತ್ತದೆ. ಓಪನ್‌ಸ್ಟ್ಯಾಕ್ ಎಂಬ ಮೋಡಗಣನೆಯ ತಂತ್ರಾಂಶದಲ್ಲೂ ಸೇತುವೆಗಳಿಗೊಂದು, ಲೋಕಗಳಿಗೊಂದು ಎಂದು ಇಂಥ ಎರಡು ಪೊರಕೆಗಳನ್ನು ಇಡಬೇಕಾಯಿತು.

ಕಡೆಯದು ಮನೆ ಗುಡಿಸುವ ಬದಲು ಮನೆಯನ್ನೇ ಬಿಸಾಡುವ ವಿಧಾನ. 2010ರಲ್ಲಿ ಮಿಚೆಲ್ ಹಶಿಮೊಟೊ ಹೊರತಂದ ‘ವೇಗ್ರಂಟ್’ (ಈ ಪದಕ್ಕೆ ಅಲೆಮಾರಿ ಎಂದರ್ಥ) ಒಂದು ಕಡತದ ವಿವರಣೆಯಿಂದ ಇಡೀ ವರ್ಚುಯಲ್ ಗಣಕವನ್ನು ಎಬ್ಬಿಸಿ ನಿಲ್ಲಿಸಬಲ್ಲದು. ಓಪನ್ ವಿಸ್ವಿಚ್‌ನ ಆಕರದ ಜೊತೆಗೂ ಅಂಥ ಕಡತವನ್ನು ಸೇರಿಸಲಾಯಿತು. ಪರೀಕ್ಷೆ ಅದರೊಳಗೆ ನಡೆದರೆ ಕೊಳೆಯೆಲ್ಲ ಅಲ್ಲೇ. ಕೆಲಸ ಮುಗಿದ ಮೇಲೆ ಡಿಸ್ಕು ಸಹಿತ ಅಳಿಸಿಬಿಡಬಹುದು. ವರ್ಚುಯಲ್ ಗಣಕಗಳಿಗಾಗಿ ಹುಟ್ಟಿದ ಸ್ವಿಚ್ಚನ್ನು ಶುಚಿಯಾಗಿ ಪರೀಕ್ಷಿಸಲು ಮತ್ತೊಂದು ವರ್ಚುಯಲ್ ಗಣಕವೇ ಬೇಕಾಯಿತು. ಬೆಲೆ ತೆರುವುದು ಸಮಯದಲ್ಲಿ: ಕ್ಷಣದಲ್ಲಿ ಮುಗಿಯುವ ಪರೀಕ್ಷೆಗೂ ಗಣಕ ಎದ್ದು ನಿಲ್ಲುವವರೆಗೆ ಕಾಯಬೇಕು. ಹೀಗಾಗಿ ಒಂದು ವಿಧಾನ ಇನ್ನೊಂದನ್ನು ಓಡಿಸಲಿಲ್ಲ. 2022ರಲ್ಲಿ 3.0ನೇ ಆವೃತ್ತಿ ಬಂದಾಗ ಯೋಜನೆಯವರು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದ ಕರ್ನೆಲ್ ಭಾಗವನ್ನು ಕೈಬಿಟ್ಟು, ಲಿನಕ್ಸ್‌ನೊಳಗೇ ಇರುವುದನ್ನು ನೆಚ್ಚಿಕೊಂಡರು. ಹುಸಿ ನೌಕರ, ಕ್ಲೀನಪ್ ಕಡತ, ಹೆಸರಿಟ್ಟ ಲೋಕಗಳು ಆಮೇಲೂ ಮುಂದುವರಿದವು.

ಲಿನಕ್ಸ್ ಗಣಕದಲ್ಲಿ ಮಿನಿನೆಟ್ ಇದ್ದರೆ ಅಧ್ಯಾಪಕರು ತರಗತಿಯಲ್ಲಿ ಇದನ್ನು ತೋರಿಸಬಹುದು. ಮಿನಿನೆಟ್ಟನ್ನು ಹಾಗೆಯೇ ಶುರುಮಾಡಿದರೆ ‘ಎಸ್1’ ಎಂಬ ಸ್ವಿಚ್ಚು ಹುಟ್ಟುತ್ತದೆ. ಇನ್ನೊಂದು ಕಿಟಕಿಯಿಂದ ಮಿನಿನೆಟ್ ಪ್ರಕ್ರಿಯೆಗೆ ಕಿಲ್ -9 ಕೊಡಿ. ಆಮೇಲೆ ‘ಓವಿಎಸ್-ವಿಎಸ್‌ಸಿಟಿಎಲ್ ಶೋ’ ಆಜ್ಞೆಯಿಂದ ರಿಜಿಸ್ಟರನ್ನು ನೋಡಿ. ಎಸ್1 ಅಲ್ಲೇ ಇರುತ್ತದೆ. ಗಣಕವನ್ನು ಆರಿಸಿ ಮತ್ತೆ ಹಚ್ಚಿ ನೋಡುವುದನ್ನು ವಿದ್ಯಾರ್ಥಿಗಳಿಗೇ ಬಿಡಿ. ಮತ್ತೂ ಎಸ್1 ಕಾಣಿಸಿಕೊಂಡಾಗ ಅವರು ಕೇಳುವ ಪ್ರಶ್ನೆಯಿಂದ ಪಾಠ ಶುರುಮಾಡಬಹುದು. ಎಂಎನ್ -ಸಿ ಓಡಿಸುವುದು ಪಾಠ ಮುಗಿದ ಮೇಲೆ, ಅದೂ ಆ ಗಣಕದಲ್ಲಿ ಬೇರೆ ಯಾರ ಮಿನಿನೆಟ್ಟೂ ಓಡುತ್ತಿಲ್ಲವೆಂದು ಕೇಳಿ ತಿಳಿದುಕೊಂಡ ಬಳಿಕ.